ಆಟದ ಹಣ, ನಿಜದ ಲೆಕ್ಕ

ಬೇಸಗೆಯ ರಜೆಯಲ್ಲಿ ಪಡಸಾಲೆಯ ತುಂಬ ‘ವ್ಯಾಪಾರ’ದ ಆಟ ಹರಡಿಕೊಂಡು ಕುಳಿತ ಮಕ್ಕಳನ್ನು ಕಾಣದವರು ಯಾರು? ದಾಳ ಉರುಳುವ ಮೊದಲೇ ಜಗಳ ಹುಟ್ಟುತ್ತದೆ: ಬ್ಯಾಂಕು ಯಾರ ಕೈಯಲ್ಲಿರಬೇಕು? ಅಣ್ಣ ಹಿಡಿದರೆ ತಂಗಿಗೆ ಸಂಶಯ. ನೋಟುಗಳು ಬರಿಯ ಬಣ್ಣದ ಕಾಗದ. ಆದರೆ ಸಂಶಯವು ಅಪ್ಪಟ ನಿಜವಾದದ್ದು.

ಇಂದು ಆ ಪಡಸಾಲೆ ಬಹಳ ವಿಸ್ತಾರವಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಗೆಳೆಯರು ತಂತಮ್ಮ ಮನೆಯಲ್ಲಿಯೇ ಕುಳಿತು ಗಣಕಯಂತ್ರದ ಒಂದೇ ಆಟದಲ್ಲಿ ಕೂಡಬಹುದು. ಅಂಥ ಆಟಗಳಿಗೆ ಆಧಾರವಾದ ಮುಕ್ತ ತಂತ್ರಾಂಶಗಳಲ್ಲಿ ‘ಲುವಾಂಟಿ’ ಒಂದು; 2010ರಲ್ಲಿ ಆರಂಭವಾಗಿ ‘ಮೈನ್‌ಟೆಸ್ಟ್’ ಎಂದು ಹೆಸರಾಗಿದ್ದ ಅದು 2024ರಲ್ಲಿ ಈ ಹೊಸ ಹೆಸರು ಪಡೆಯಿತು. ಅಲ್ಲಿ ನೆಲ ಅಗೆಯಬಹುದು, ಮನೆ ಕಟ್ಟಬಹುದು, ಕೊಟ್ಟು ಕೊಳ್ಳಬಹುದು. ವ್ಯವಹಾರ ಬೆಳೆದಂತೆ ನಾಣ್ಯ ಬೇಕಾಗುತ್ತದೆ. ನಾಣ್ಯ ಬಂದ ಮೇಲೆ ಬ್ಯಾಂಕೂ ಬೇಕಾಗುತ್ತದೆ. ಇಂಥ ಬ್ಯಾಂಕಿನ ತಂತ್ರಾಂಶವನ್ನು ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ರಚಿಸಿ, ಯಾರು ಬೇಕಾದರೂ ಓದಿ ತಿದ್ದಿ ಬಳಸಲೆಂದು ಬಿಟ್ಟುಕೊಡುವುದುಂಟು.

ಇದರ ತಿರುಳು ನಮ್ಮ ಹಿರಿಯರ ಕಿರ್ದಿ–ಖಾತೆಗಳಿಗಿಂತ ಬೇರೆಯಲ್ಲ. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಚೋಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯೇ ಇಲ್ಲಿಯೂ ಅಡಿಪಾಯ. ಅರಕಲಗೂಡಿನ ಹುಡುಗನೊಬ್ಬನು ಹೊಳೆನರಸೀಪುರದ ಹುಡುಗಿಯಿಂದ ಮರ ಕೊಂಡು 40 ನಾಣ್ಯ ಕೊಟ್ಟನೆನ್ನಿ. ಅವನ ಖಾತೆಯಲ್ಲಿ ಖರ್ಚು, ಅವಳ ಖಾತೆಯಲ್ಲಿ ಜಮೆ. ನಡುವೆ ಕರೆಂಟು ಹೋದರೆ? ಒಂದು ನಮೂದು ಬಿದ್ದು ಮತ್ತೊಂದು ಉಳಿದರೆ 40 ನಾಣ್ಯ ಗಾಳಿಯಲ್ಲಿ ಕರಗಿದಂತೆಯೇ. ಆದುದರಿಂದ ಎರಡೂ ನಡೆಯಬೇಕು, ಇಲ್ಲವೇ ಎರಡೂ ನಡೆಯಕೂಡದು. ತಪ್ಪಾದ ನಮೂದನ್ನು ಅಳಿಸಲೂಬಾರದು. ಎದುರು ನಮೂದು ಬರೆದು ಸರಿಪಡಿಸಬೇಕು. ಮೊತ್ತಗಳನ್ನು ಪೂರ್ಣಾಂಕಗಳಲ್ಲಿಯೇ ಇಡಬೇಕು. ಏಕೆಂದರೆ ಗಣಕಯಂತ್ರವು ಸಾಮಾನ್ಯ ಕ್ರಮದಲ್ಲಿ 0.1ಕ್ಕೆ 0.2 ಕೂಡಿದಾಗ ಕರಾರುವಾಕ್ಕಾಗಿ 0.3 ಬರುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವೂ ಸಾವಿರ ವ್ಯವಹಾರಗಳಲ್ಲಿ ಹಗ್ಗವಾದೀತು.

ಲೆಕ್ಕ ಸರಿಯಾದ ಮಾತ್ರಕ್ಕೆ ಬ್ಯಾಂಕು ಭದ್ರವಾಯಿತೆಂದು ತಿಳಿಯಬಾರದು. ಐಸ್‌ಲ್ಯಾಂಡಿನ ಸಂಸ್ಥೆಯೊಂದು 2003ರಲ್ಲಿ ಹೊರತಂದ ‘ಈವ್ ಆನ್‌ಲೈನ್’ ಎಂಬ ಆಟದಲ್ಲಿ ಆಟಗಾರರೇ ‘ಈಬ್ಯಾಂಕ್’ ಎಂಬುದನ್ನು ನಡೆಸುತ್ತಿದ್ದರು. 2009ರಲ್ಲಿ ಅದರ ಮುಖ್ಯಸ್ಥನೇ ಸುಮಾರು 20,000 ಕೋಟಿ ಆಟದ ನಾಣ್ಯಗಳನ್ನು ಒಯ್ದು ನಿಜವಾದ ಹಣಕ್ಕೆ ಮಾರಿಕೊಂಡನು. ಠೇವಣಿದಾರರು ದಿಗಿಲುಗೊಂಡು ಹಣ ಹಿಂತೆಗೆಯಲು ಮುಗಿಬಿದ್ದರು. ವಿಚಿತ್ರವೆಂದರೆ, ಆ ಆಟದ ನಿಯಮದಂತೆ ಕಳವು ತಪ್ಪಲ್ಲ. ನಿಜವಾದ ಹಣಕ್ಕೆ ಮಾರಿದ್ದಕ್ಕಾಗಿ ಅವನು ಬಹಿಷ್ಕೃತನಾದನು! ಕಳೆದುಹೋದದ್ದು ಆಟದ ನಾಣ್ಯವಾದರೂ ಅದರ ಹಿಂದೆ ಎಷ್ಟೋ ಜನರ ಎಷ್ಟೋ ಸಂಜೆಗಳ ದುಡಿಮೆಯಿತ್ತು.

ತಂತ್ರಾಂಶ ಮುಕ್ತವಾಗಿದ್ದರೆ ಲೆಕ್ಕದ ವಿಧಾನವನ್ನು ಎಲ್ಲರೂ ಪರೀಕ್ಷಿಸಬಹುದು. ಬೀಗದ ಕೈ ಹಿಡಿದವನ ಮನಸ್ಸನ್ನು ಪರೀಕ್ಷಿಸುವ ತಂತ್ರಾಂಶ ಮಾತ್ರ ಇನ್ನೂ ಹುಟ್ಟಿಲ್ಲ. ಆದಕಾರಣ ದೊಡ್ಡ ಮೊತ್ತ ಹೊರಡಲು ಇಬ್ಬರ ಒಪ್ಪಿಗೆ ಬೇಕೆಂಬ ಕಟ್ಟಳೆಯಿರಲಿ. ವಾರಕ್ಕೊಮ್ಮೆ ಶಿಲ್ಕು ಎಲ್ಲರಿಗೂ ಪ್ರಕಟವಾಗಲಿ. ಹಾಸನದಲ್ಲಿರುವ ಖಾತೆಯ ಪ್ರತಿಯೊಂದು ಚನ್ನರಾಯಪಟ್ಟಣದಲ್ಲಿಯೂ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಆಟದ ನಾಣ್ಯಕ್ಕೂ ಮನೆಯ ರೂಪಾಯಿಗೂ ನಂಟು ಬೆಳೆಯದಿರಲಿ. ನಿಜವಾದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದುದನ್ನು ತಂದೆತಾಯಿಗಳೂ ನೆನಪಿನಲ್ಲಿಡುವುದು ಒಳ್ಳೆಯದು.

ಇಷ್ಟು ಎಚ್ಚರಿಕೆಯಿಂದ ಇಂಥ ಬ್ಯಾಂಕನ್ನು ಕಟ್ಟುವ ಹುಡುಗನು ಆಟದ ನೆಪದಲ್ಲಿ ಪರರ ಗಂಟನ್ನು ಕಾಯುವ ಹೊಣೆಯನ್ನು ಕಲಿಯುತ್ತಾನೆ. ಪಡಸಾಲೆಯ ಜಗಳಕ್ಕೂ ಇದೇ ಪರಿಹಾರ: ಅಣ್ಣನು ಪೆಟ್ಟಿಗೆಯನ್ನು ತಂಗಿಯ ಮುಂದೆ ಸರಿಸಿ, “ನೀನೇ ಎಣಿಸಿಕೋ” ಎಂದರಾಯಿತು.