ಬೆನ್ನಟ್ಟುವ ಗಣಿತ

ಮೊಬೈಲ್ ಗೇಮ್‌ನಲ್ಲಿ ನಾವು ಓಡಿಸುವ ಹೀರೋನ ಹಿಂದೆ ನಾಯಿಯೊಂದು ಬೀಳುತ್ತದೆ. ಅವನು ಎಡಕ್ಕೆ ತಿರುಗಿದರೆ ಅದೂ ಎಡಕ್ಕೆ. ಅದರ ದಾರಿಯನ್ನು ಯಾರೂ ಮೊದಲೇ ಬರೆದಿಟ್ಟಿಲ್ಲ. ಆಡುವವರು ಎತ್ತ ಓಡುತ್ತಾರೋ ಪ್ರೋಗ್ರಾಮ್ ಬರೆದವರಿಗೇನು ಗೊತ್ತು? ಹಾಗಾದರೆ ನಾಯಿ ಹಿಂಬಾಲಿಸುವುದು ಹೇಗೆ?

ಉತ್ತರ ನಮ್ಮ ಪಿಯುಸಿ ಗಣಿತದಲ್ಲೇ ಇದೆ: ವೆಕ್ಟರ್. ಹೀರೋ ಇರುವ ಸ್ಥಾನದಿಂದ ನಾಯಿಯ ಸ್ಥಾನವನ್ನು ಕಳೆದರೆ ಯಾವ ದಿಕ್ಕು, ಎಷ್ಟು ದೂರ ಎರಡೂ ಸಿಗುತ್ತವೆ. ಪ್ರತಿ ಫ್ರೇಮ್‌ನಲ್ಲೂ ಈ ಲೆಕ್ಕವನ್ನು ಹೊಸದಾಗಿ ಮಾಡಿ, ಆ ದಿಕ್ಕಿಗೆ ಒಂದು ಹೆಜ್ಜೆ ಸರಿಸಿದರಾಯಿತು.

ಹೀರೋನನ್ನು ಹಿಂಬಾಲಿಸುವ ಕ್ಯಾಮೆರಾಗೆ ಇನ್ನೊಂದು ಉಪಾಯವಿದೆ. ಪ್ರತಿ ಫ್ರೇಮ್‌ನಲ್ಲಿ ಉಳಿದ ದೂರದ ಹತ್ತನೇ ಒಂದು ಭಾಗವನ್ನು ಮಾತ್ರ ಕ್ರಮಿಸುವುದು. ದೂರ 100 ಪಿಕ್ಸೆಲ್ ಇದ್ದರೆ ಮೊದಲು 10, ಆಮೇಲೆ 9, ನಂತರ 8.1. ಸ್ಟಾಪಿಗೆ ಬರುವ ಬಸ್ಸಿನಂತೆ ವೇಗ ಮೆಲ್ಲಗೆ ತಗ್ಗುತ್ತದೆ. ಆದರೆ ಇದರಲ್ಲೊಂದು ತೊಡಕು. ನಿಂತ ಗುರಿಯತ್ತ ಹೋಗುವಾಗ, ಸೆಕೆಂಡಿಗೆ 60 ಫ್ರೇಮ್ ತೋರಿಸುವ ಫೋನ್‌ನಲ್ಲಿ ಅರ್ಧ ಸೆಕೆಂಡಿನ ನಂತರ ಸುಮಾರು 4 ಪಿಕ್ಸೆಲ್ ಉಳಿದರೆ, 30 ಫ್ರೇಮ್‌ನ ಫೋನ್‌ನಲ್ಲಿ ಸುಮಾರು 20 ಉಳಿದಿರುತ್ತದೆ. ಕಡಿಮೆ ಬೆಲೆಯ ಫೋನ್ ಇಟ್ಟುಕೊಂಡ ನಮ್ಮಂಥವರಿಗೆ ಅದೇ ಆಟ ಬೇರೆಯಾಗಿಬಿಡುತ್ತದೆ! ಆದ್ದರಿಂದ ಫ್ರೇಮ್ ಎಣಿಸದೆ, ಕಳೆದ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮತ್ತೆ ನಾಯಿಯ ವಿಷಯಕ್ಕೆ ಬರೋಣ. ಹೀರೋ ಈಗ ಇರುವಲ್ಲಿಗೇ ಓಡುವ ನಾಯಿ ಸದಾ ಅವನ ಬೆನ್ನ ಹಿಂದೆಯೇ ಉಳಿಯುತ್ತದೆ. ಒಳ್ಳೆಯ ಫೀಲ್ಡರ್ ಹಾಗೆ ಮಾಡುವುದಿಲ್ಲ, ಚೆಂಡು ಬಂದು ಸೇರುವ ಜಾಗಕ್ಕೆ ಓಡುತ್ತಾನೆ. ಕ್ರೇಗ್ ರೆನಾಲ್ಡ್ಸ್ 1999ರ ಪ್ರಬಂಧದಲ್ಲಿ ಈ ಎರಡನ್ನೂ ಬೇರ್ಪಡಿಸಿ ವಿವರಿಸಿದ್ದಾರೆ. ಮೊದಲನೆಯದು ಸೀಕ್, ಎರಡನೆಯದು ಪರ್ಸ್ಯೂಟ್. ದೂರವನ್ನು ನಾಯಿಯ ವೇಗದಿಂದ ಭಾಗಿಸಿದರೆ ತಲುಪುವ ಸಮಯದ ಅಂದಾಜು ಸಿಗುತ್ತದೆ. ಅಷ್ಟು ಸಮಯದಲ್ಲಿ ಹೀರೋ ಎಲ್ಲಿರಬಹುದೋ ಅಲ್ಲಿಗೆ ನಾಯಿಯನ್ನು ಓಡಿಸಬೇಕು. ಅವನು ದಿಢೀರನೆ ತಿರುಗಿದರೂ ಚಿಂತೆಯಿಲ್ಲ, ಮುಂದಿನ ಫ್ರೇಮ್‌ನಲ್ಲಿ ಲೆಕ್ಕ ತಿದ್ದಿಕೊಳ್ಳುತ್ತದೆ. ಇದೇ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ ಬಾಯ್ಡ್ಸ್ ಎಂಬ ಮಾದರಿಯ ಮಾರ್ಪಡಿಸಿದ ರೂಪ 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದಲ್ಲಿ ಬಾವಲಿಗಳ ಹಿಂಡನ್ನು ಹಾರಿಸಿತು.

ಅನಿಮೇಷನ್ ಎಂದರೆ ದುಬಾರಿ ಕೋರ್ಸ್, ಚಿತ್ರ ಬಿಡಿಸಲು ಬರುವವರಿಗೆ ಮಾತ್ರ ಎಂದು ನಮ್ಮಲ್ಲಿ ಹಲವರು ಹಿಂದೆ ಸರಿಯುತ್ತಾರೆ. ಗಣಿತವೋ, ಪಾಸಾದರೆ ಸಾಕೆನ್ನುವ ವಿಷಯ. ಎರಡೂ ಸೇರುವ ಜಾಗ ಇದು. ಬ್ಲೆಂಡರ್, ಗೋಡಾಟ್ ತಂತ್ರಾಂಶಗಳು ಪೂರ್ತಿ ಉಚಿತ. ಬ್ಲೆಂಡರ್‌ನಲ್ಲಿ 'ಡ್ಯಾಂಪ್ಡ್ ಟ್ರ್ಯಾಕ್' ಹಾಕಿದರೆ ಗೊಂಬೆಯ ಕಣ್ಣು ಓಡುವ ಚೆಂಡಿನತ್ತಲೇ ನೋಡುತ್ತದೆ. ಗೋಡಾಟ್‌ನಲ್ಲಿ ಹತ್ತಿಪ್ಪತ್ತು ಸಾಲು ಬರೆದರೆ ನಾಯಿ ಓಡುತ್ತದೆ.

ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ವೆಕ್ಟರ್ ಎಂದರೇನು ಎಂದು ಕೇಳಿದರೆ ಬಾಯಿಪಾಠದ ವ್ಯಾಖ್ಯೆ ಒಪ್ಪಿಸುವುದಕ್ಕಿಂತ, ನೀವೇ ಓಡಿಸಿದ ನಾಯಿಯನ್ನು ತೋರಿಸುವುದು ಮೇಲಲ್ಲವೇ?