ಕೊಬ್ಬಿನ ಚೀಲಕ್ಕೆ ನುಗ್ಗುವ ಕಚ್ಚಾತೈಲ

ಕಡಲಿನ ಮೇಲೆ ಎಣ್ಣೆಯ ಪೊರೆ ಕಂಡರೆ ಯಾವುದೋ ಹಡಗು ಒಡೆದಿರಬೇಕು ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಕೆನಡಾದ ಬ್ಯಾಫಿನ್ ದ್ವೀಪದ ಸ್ಕಾಟ್ ಇನ್ಲೆಟ್ ಬಳಿ 1970ರ ದಶಕದಲ್ಲಿ ಕಂಡ ಪೊರೆಗೆ ಯಾವ ಹಡಗೂ ಕಾರಣವಾಗಿರಲಿಲ್ಲ. ಅಲ್ಲಿ ಸಮುದ್ರತಳದ ಬಿರುಕುಗಳಿಂದ ಕಚ್ಚಾತೈಲ ತಾನಾಗಿ ಜಿನುಗುತ್ತದೆ. ಅಲಾಸ್ಕದ ಕೇಪ್ ಸಿಂಪ್ಸನ್‌ನಲ್ಲಿ ಅದು ನೆಲದ ಮೇಲೇ ಉಕ್ಕುತ್ತದೆ. ಎಣ್ಣೆ ಹೀರಿದ ಮಣ್ಣಿನ ಹೆಂಟೆಗಳನ್ನು ಕಡಿದು ಉರುವಲಾಗಿ ಬಳಸುವುದು ಅಲ್ಲಿನ ಇನ್ಯುಪಿಯಾಟ್ ಜನರಿಗೆ ಹಿಂದಿನಿಂದಲೂ ಗೊತ್ತಿತ್ತು. ಜಗತ್ತಿನ ಸಾಗರಗಳಿಗೆ ಹೀಗೆ ಸೇರುವ ತೈಲ ವರ್ಷಕ್ಕೆ ಸುಮಾರು 6 ಲಕ್ಷ ಟನ್ ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಅಂದಾಜು ಮಾಡಿತು. ಕಡಲು ಸೇರುವ ಒಟ್ಟು ತೈಲದಲ್ಲಿ ಇದು ಅರ್ಧಕ್ಕೆ ತುಸು ಕಡಿಮೆ.

ಈ ಜಿನುಗಿನ ನಡುವೆಯೇ ಬದುಕಬೇಕಾದ ಜೀವಿಗಳಲ್ಲಿ ಮುಖ್ಯವಾದದ್ದು ಕ್ಯಾಲನಸ್ ಎಂಬ ಕೋಪೆಪಾಡ್.

ಅಕ್ಕಿಕಾಳಿನಷ್ಟೇ ಇರುವ ಈ ಪ್ರಾಣಿಪ್ಲವಕ ಆರ್ಕ್ಟಿಕ್‌ನ ಆಹಾರ ಸರಪಳಿಯ ಆಧಾರ. ಬೋಹೆಡ್ ತಿಮಿಂಗಿಲವೂ ಲಿಟಲ್ ಆಕ್ ಹಕ್ಕಿಯೂ ಇದನ್ನೇ ನಂಬಿವೆ. ಪಾಚಿ ಹುಲುಸಾಗಿ ಬೆಳೆಯುವ ಕೆಲವೇ ವಾರಗಳಲ್ಲಿ ಅದು ಹೊಟ್ಟೆತುಂಬ ತಿಂದು, ಮೇಣದ ರೂಪದ ಕೊಬ್ಬನ್ನು ಮೈಯೊಳಗಿನ ಚೀಲದಲ್ಲಿ ಕೂಡಿಡುತ್ತದೆ. ಒಣ ತೂಕದ ಅರ್ಧಕ್ಕೂ ಹೆಚ್ಚು ಪಾಲು ಕೊಬ್ಬೇ ಆಗುವುದುಂಟು. ಸೂರ್ಯ ಕಾಣದ ಚಳಿಗಾಲ ಬಂದಾಗ ನೂರಾರು ಮೀಟರ್ ಆಳಕ್ಕೆ ಇಳಿದು, ಊಟ ಬಿಟ್ಟು, ಚಯಾಪಚಯವನ್ನು ತಗ್ಗಿಸಿಕೊಂಡು ಸುಪ್ತಾವಸ್ಥೆಗೆ ಜಾರುತ್ತದೆ. ಈ ಪಂಗಡದಲ್ಲೇ ದೊಡ್ಡದಾದ ಕ್ಯಾಲನಸ್ ಹೈಪರ್‌ಬೋರಿಯಸ್ ಮೊಟ್ಟೆ ಇಡುವುದೂ ಚಳಿಗಾಲದ ಆ ಆಳದಲ್ಲೇ, ಕೂಡಿಟ್ಟ ಕೊಬ್ಬನ್ನೇ ಕರಗಿಸಿ.

ತೊಡಕು ಶುರುವಾಗುವುದು ಇಲ್ಲೇ. ಕಚ್ಚಾತೈಲದಲ್ಲಿರುವ ಪೈರೀನ್‌ನಂಥ ಬಹುವಲಯ ಹೈಡ್ರೊಕಾರ್ಬನ್‌ಗಳು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಕೊಬ್ಬು ಸಿಕ್ಕರೆ ಬಿಡುವುದಿಲ್ಲ. ಚಳಿಗಾಲಕ್ಕೆಂದು ಕಟ್ಟಿಟ್ಟ ಬುತ್ತಿಯೇ ವಿಷದ ಉಗ್ರಾಣವಾಗುತ್ತದೆ. ಇಂಥ ವಿಷ ಒಳಸೇರಿದಾಗ ಅದನ್ನು ಒಡೆದು ಹೊರಹಾಕಲು ಜೀವಕೋಶಗಳು ವಿಶೇಷ ಕಿಣ್ವಗಳನ್ನು ತಯಾರಿಸುತ್ತವೆ. ಅದಕ್ಕೂ ಶಕ್ತಿ ಬೇಕು. ಕೊರೆಯುವ ಚಳಿಯಲ್ಲಿ ಆ ಕೆಲಸ ನಿಧಾನ, ಮೇಲಾಗಿ ಖರ್ಚಾಗುವುದು ಮೊಟ್ಟೆಗೆಂದು ಮೀಸಲಿಟ್ಟ ಶಕ್ತಿ.

ಗ್ರೀನ್‌ಲ್ಯಾಂಡಿನ ಡಿಸ್ಕೊ ಕೊಲ್ಲಿಯ ಕೋಪೆಪಾಡ್‌ಗಳ ಮೇಲೆ ಸಂಶೋಧಕರು ಪೈರೀನ್ ಪ್ರಯೋಗಗಳನ್ನು ನಡೆಸಿದ್ದಾರೆ. ಈ ಜೀವಿ ಎಷ್ಟು ತಿಂದಿತು ಎಂದು ತಿಳಿಯುವ ಉಪಾಯ ಅದರ ಮಲದ ಉಂಡೆಗಳನ್ನು ಎಣಿಸುವುದು. ನಾಜೂಕಿನ ಕೆಲಸವೇನಲ್ಲ, ಆದರೆ ನಂಬಬಹುದಾದ ಲೆಕ್ಕ. ಪೈರೀನ್ ಪ್ರಮಾಣ ಏರಿದಾಗ ಉಂಡೆಗಳೂ ಮೊಟ್ಟೆಗಳೂ ಕಡಿಮೆಯಾದವು. ಕೊಬ್ಬು ಹೆಚ್ಚಿರುವ ಹೈಪರ್‌ಬೋರಿಯಸ್ ಅನ್ನು ಶುದ್ಧ ನೀರಿಗೆ ಬಿಟ್ಟರೂ ಅದರ ಮೈಯ ಪೈರೀನ್ ಬೇಗ ಇಳಿಯಲಿಲ್ಲ.

ಅಂದ ಮಾತ್ರಕ್ಕೆ ಜಿನುಗಿನ ಸುತ್ತ ಪ್ಲವಕಗಳೆಲ್ಲ ಸತ್ತು ಬೀಳುತ್ತವೆ ಎಂದಲ್ಲ. ಜಿನುಗು ಮಂದವಾದದ್ದು, ಬಹುಕಾಲದ್ದು; ತೈಲ ತಿನ್ನುವ ಬ್ಯಾಕ್ಟೀರಿಯಾಗಳು ಅಲ್ಲಿ ಮೊದಲೇ ಬೀಡುಬಿಟ್ಟಿರುತ್ತವೆ. ಕೋಪೆಪಾಡ್‌ಗಳೂ ಒಂದಿಷ್ಟು ತೈಲವನ್ನು ನುಂಗಿ ಮಲದ ಜೊತೆ ತಳಕ್ಕೆ ಇಳಿಸುತ್ತವೆ. 1970ರಲ್ಲಿ ನೋವಾ ಸ್ಕೋಷಿಯಾದ ಚೆಡಬಕ್ಟೊ ಕೊಲ್ಲಿಯಲ್ಲಿ ‘ಆರೋ’ ಟ್ಯಾಂಕರ್ ಒಡೆದಾಗ, ಅಲ್ಲಿನ ಪ್ಲವಕಗಳ ಮಲದಲ್ಲಿ ಶೇ. 7ರವರೆಗೂ ಇಂಧನ ತೈಲ ಸಿಕ್ಕಿತ್ತು.

ಜಿನುಗು ಸಹಜವಾದ್ದರಿಂದ ಸೋರಿಕೆಯೂ ನಿರಪಾಯ ಎಂಬ ವಾದ ಆಗಾಗ ಕೇಳಿಬರುತ್ತದೆ. ಅದು ಸಲ್ಲದು. ಹನಿಹನಿಯಾಗಿ ಬರುವ ತೈಲಕ್ಕೂ ಒಂದೇ ದಿನದಲ್ಲಿ ಸುರಿಯುವ ಸಾವಿರಾರು ಟನ್‌ಗೂ ಹೋಲಿಕೆಯೇ ಇಲ್ಲ. ಇನ್ನೊಂದು ವಿಷಯವೂ ಉಂಟು. ವಿಷದ ಪರೀಕ್ಷೆಗಳನ್ನು ಸಾಮಾನ್ಯವಾಗಿ 96 ಗಂಟೆಗಳಲ್ಲಿ ಮುಗಿಸುವುದು ವಾಡಿಕೆ. ಬೇಸಿಗೆಯಲ್ಲಿ ಮೈಸೇರಿದ ತೈಲದ ಪರಿಣಾಮವನ್ನು ಚಳಿಗಾಲದ ಮೊಟ್ಟೆಗಳಲ್ಲಿ ತೋರಿಸುವ ಜೀವಿಗೆ ನಾಲ್ಕು ದಿನಗಳ ಅಳತೆಗೋಲು ಸಾಲದು. ಆರ್ಕ್ಟಿಕ್‌ನಲ್ಲಿ ಕೊರೆತಕ್ಕೋ ಹಡಗು ಸಂಚಾರಕ್ಕೋ ಪರವಾನಗಿ ಕೊಡುವ ಮುನ್ನ ಕೋಪೆಪಾಡ್‌ಗಳನ್ನು ಕನಿಷ್ಠ ಒಂದು ಚಳಿಗಾಲ ಪೂರ್ತಿ ಗಮನಿಸಲೇಬೇಕು.