ಚರ್ಮವಾಗು ಎನ್ನುವವರಿಲ್ಲದಿದ್ದರೆ ಮಿದುಳು

ಮಾಲೇಕಲ್ಲು ತಿರುಪತಿ ಬೆಟ್ಟದ ತಪ್ಪಲಲ್ಲಿ, ಅರಸೀಕೆರೆ ಸುತ್ತಿನ ಒಣನೆಲದಲ್ಲಿ, ಹದಮಳೆ ಬಿದ್ದ ರಾತ್ರಿಯೇ ಕಪ್ಪೆಗಳ ವಟವಟ ಶುರುವಾಗುತ್ತದೆ. ಮಳೆಯ ಜೊತೆ ಆಕಾಶದಿಂದ ಉದುರಿದವು ಎನ್ನುವವರು ಈಗಲೂ ಇದ್ದಾರೆ. ಉದುರಿದ್ದಲ್ಲ, ಬೇಸಿಗೆಯಿಡೀ ಮಣ್ಣಿನಡಿ, ಸಂದುಗೊಂದುಗಳಲ್ಲಿ ಅಡಗಿದ್ದವು ಮೇಲೆದ್ದವು. ಹೊಂಡದ ಲೋಳೆಯಲ್ಲಿರುವ ಕರಿಚುಕ್ಕೆಯಂಥ ಕಪ್ಪೆಮೊಟ್ಟೆಯೂ ಮುದುಡಿ ಕೂತ ಪುಟ್ಟ ಗೊದಮೊಟ್ಟೆಯಲ್ಲ, ಮೊದಲಿಗೆ ಬರಿಯ ಒಂದು ಕೋಶ.

ಇವು ಸುಲಭದ ತಪ್ಪುಗಳು. ಓದಿಕೊಂಡವರಲ್ಲೂ ಬೇರೂರಿರುವ ನಂಬಿಕೆ ಬೇರೆ: ಭ್ರೂಣದ ಹೊರಪದರ ತನ್ನಷ್ಟಕ್ಕೆ ಚರ್ಮವಾಗುತ್ತದೆ, ಮಿದುಳಾಗಲು ವಿಶೇಷ ಅಪ್ಪಣೆ ಬೇಕು ಎಂಬುದು.

ಇದಕ್ಕೆ ಕಾರಣವೂ ಇತ್ತು. 1924ರಲ್ಲಿ ಜರ್ಮನಿಯ ಹಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮಾಂಗೋಲ್ಡ್ ಕಪ್ಪೆಯ ಬಂಧುವಾದ ನ್ಯೂಟ್‌ನ ಭ್ರೂಣದಿಂದ ಚೂರೊಂದನ್ನು ಕಿತ್ತು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಕಸಿ ಮಾಡಿದರು. ಅಲ್ಲಿ ಮುಂದೆ ಮಿದುಳಾಗುವ ನರನಳಿಕೆ ಎರಡನೆಯದೊಂದು ಎದ್ದಿತು, ಅದೂ ಬಹುಪಾಲು ಆತಿಥೇಯ ಭ್ರೂಣದ ಕೋಶಗಳಿಂದಲೇ. ಅಪ್ಪಣೆ ಕೊಡುವ ರಾಸಾಯನಿಕ ಯಾವುದೆಂದು ದಶಕಗಟ್ಟಲೆ ಹುಡುಕಾಟ ನಡೆಯಿತು. ಸತ್ತ ಅಂಗಾಂಶ ಇಟ್ಟರೂ ನರಕೋಶ, ಮೆಥಿಲೀನ್ ಬ್ಲೂ ಬಣ್ಣ ಸೋಕಿಸಿದರೂ ನರಕೋಶ! ಇಷ್ಟು ಸಡಿಲ ಅಪ್ಪಣೆ ಎಲ್ಲಾದರೂ ಉಂಟೇ?

ಉತ್ತರ ಸಿಕ್ಕಿದ್ದು ಆಫ್ರಿಕಾದ ಕ್ಸೆನೋಪಸ್ ಕಪ್ಪೆಯಲ್ಲಿ. ಅದರ ಭ್ರೂಣದ ಹೊರಪದರವನ್ನು ಕತ್ತರಿಸಿ ಹಾಗೇ ಇಟ್ಟರೆ ಚರ್ಮವಾಗುತ್ತದೆ. ಕೋಶಗಳನ್ನು ಬಿಡಿಬಿಡಿಯಾಗಿಸಿ ಕೆಲವು ಗಂಟೆ ಇಟ್ಟರೆ ನರಕೋಶಗಳಾಗುತ್ತವೆ. ಅಂದರೆ ಒಟ್ಟಿಗಿದ್ದಾಗ ಅವು ಒಂದಕ್ಕೊಂದು ‘ಚರ್ಮವಾಗು’ ಎನ್ನುತ್ತಿದ್ದವು. ಆ ಮಾತು ಬಿಎಂಪಿ ಎಂಬ ಪ್ರೋಟೀನು. ಅದರ ಬಳಗ ಮೊದಲು ಪತ್ತೆಯಾದದ್ದು ಮೂಳೆ ಬೆಳೆಸುವ ಗುಣದಿಂದ. 1992ರಲ್ಲಿ ಸಿಕ್ಕ ನಾಗಿನ್, 1994ರಲ್ಲಿ ಸಿಕ್ಕ ಕಾರ್ಡಿನ್ ಎಂಬ ಪ್ರೋಟೀನುಗಳೆರಡೂ ಬಿಎಂಪಿಯನ್ನೇ ಹಿಡಿದುಕೊಂಡು ಅದರ ಬಾಯಿ ಕಟ್ಟುತ್ತವೆ. ಆಗ ಬೆನ್ನ ಕಡೆಯ ಕೋಶಗಳಲ್ಲಿ ಸಾಕ್ಸ್2 ಮುಂತಾದ ಜೀನ್‌ಗಳು ಚುರುಕಾಗಿ ನರಫಲಕ ಮೂಡುತ್ತದೆ. ಕ್ಸೆನೋಪಸ್‌ನಲ್ಲಿ ಅದು ಮಡಿಚಿ ನಳಿಕೆಯಾಗುವಷ್ಟರಲ್ಲಿ ಮೊಟ್ಟೆ ಫಲಿತವಾಗಿ ಸುಮಾರು ಒಂದು ದಿನ ಕಳೆದಿರುತ್ತದೆ, ಅಷ್ಟೇ. ತಡೆಯೊಂದೇ ಸಾಲದು, ಎಫ್‌ಜಿಎಫ್ ಎಂಬ ಇನ್ನೊಂದು ಸಂಕೇತದ ಕೈಯೂ ಇದೆ ಎಂಬ ವಾದ ಇನ್ನೂ ಮುಗಿದಿಲ್ಲ.

ಹಾಗಾದರೆ ನರಕೋಶದಲ್ಲಿ ನರದ ಜೀನ್‌ಗಳಷ್ಟೇ ಉಳಿಯುತ್ತವೆಯೇ? ಅದೂ ಇಲ್ಲ, ಎಲ್ಲ ಜೀನ್‌ಗಳೂ ಉಳಿದಿರುತ್ತವೆ. ಗೊದಮೊಟ್ಟೆಯ ಕರುಳುಕೋಶದ ಕೋಶಕೇಂದ್ರದಿಂದ ಇಡೀ ಕಪ್ಪೆಯನ್ನೇ ಬೆಳೆಸಿ ಜಾನ್ ಗರ್ಡನ್ ಅದನ್ನು 1960ರ ದಶಕದಲ್ಲೇ ತೋರಿಸಿದರು. ನೊಬೆಲ್ ಬಂದದ್ದು 2012ರಲ್ಲಿ. ಕೋಶಕ್ಕೆ ಕೋಶ ಬೇರೆಯಾಗುವುದು ಯಾವ ಜೀನ್ ಚಾಲೂ ಆಗಿದೆ ಎಂಬುದರಿಂದ.

ಬಿಎಂಪಿ ಪೂರ್ತಿ ಅಡಗದೆ, ಪೂರ್ತಿ ಮೆರೆಯದೆ ನಡುವಳತೆಯಲ್ಲಿರುವ ನರಫಲಕದ ಅಂಚಿನ ಕೋಶಗಳು ಚರ್ಮವೂ ಅಲ್ಲ, ಮಿದುಳೂ ಅಲ್ಲ. ಅವು ಗುಳೆ ಹೊರಟು ಮೈಯೆಲ್ಲ ಹರಡುತ್ತವೆ. ಕಪ್ಪೆಯ ದವಡೆಯ ಮೃದ್ವಸ್ಥಿಗೂ ಬೆನ್ನ ಮೇಲಿನ ಬಣ್ಣಕ್ಕೂ ಅವೇ ಮೂಲ.